ಮಾಡಿಫೈ ಮಾಡಿದ ಡೀಸೆಲ್ ಪಿಕಪ್ ತಡವಾಗಿ ಎಳೆಯುತ್ತಿದೆಯೇ? ಹುಡುಕುವ ಕ್ರಮ ಇಲ್ಲಿದೆ

ರಿಮ್ಯಾಪ್ (ಇಂಜಿನ್ ನಿಯಂತ್ರಿಸುವ ಕಂಪ್ಯೂಟರಿನ, ಅಂದರೆ ಇಸಿಯುವಿನ, ಪ್ರೋಗ್ರಾಂ ತಿದ್ದುವುದು) ಮಾಡಿಸಿ, ದೊಡ್ಡ ಟೈರ್ ಹಾಕಿಸಿ, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಬದಲಿಸಿದ ಮೇಲೆ ಗಾಡಿ ಮೊದಲಿಗಿಂತ ಮಂಕಾಗಿದೆ ಎಂದು ಬರುವವರಲ್ಲಿ ಹೆಚ್ಚಿನವರು ಅಷ್ಟರಲ್ಲಾಗಲೇ ಟರ್ಬೊ ಬಿಚ್ಚಿಸಿರುತ್ತಾರೆ, ಇಲ್ಲವೇ ಇಂಜೆಕ್ಟರ್ ಬದಲಿಸಿರುತ್ತಾರೆ. ಅಷ್ಟು ಖರ್ಚಾದ ಮೇಲೂ ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದೆರಡು ಸೆಕೆಂಡ್ ಯೋಚಿಸಿಯೇ ಹೊರಡುತ್ತದೆ. ಬಿಚ್ಚಿ ನೋಡಿದರೆ ತಪ್ಪು ಇರುವುದು ಬಹುಪಾಲು ಸಡಿಲಾದ ಕ್ಲ್ಯಾಂಪಿನಲ್ಲಿ, ಎಣ್ಣೆ ಹಿಡಿದ ಸೆನ್ಸರಿನಲ್ಲಿ ಅಥವಾ ಸೈಲೆನ್ಸರ್ ಪೈಪಿನ ಶಾಖಕ್ಕೆ ಕರಗಿದ ವ್ಯಾಕ್ಯೂಮ್ ಹೋಸಿನಲ್ಲಿ. ಇವನ್ನು ಮೊದಲು ನೋಡಿ, ಅಳೆದು, ಆಮೇಲೆ ಸ್ಪ್ಯಾನರ್ ಹಿಡಿಯಬೇಕು.

ಇಲ್ಲಿ ಹೇಳುವುದು ಕಾಮನ್ ರೈಲ್ ಇಂಜಿನ್ (ಎಲ್ಲ ಇಂಜೆಕ್ಟರುಗಳಿಗೂ ರೈಲ್ ಎಂಬ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದ ಡೀಸೆಲ್ ಹೋಗುವಂಥದು), ವೇರಿಯಬಲ್ ಜಿಯೊಮೆಟ್ರಿ ಟರ್ಬೊ (ವಿಜಿಟಿ: ವೇನ್ ಎಂಬ ರೆಕ್ಕೆಗಳು ತಿರುಗಿ ಎಕ್ಸಾಸ್ಟಿನ ದಾರಿಯನ್ನು ಹಿಗ್ಗಿಸಿ ಕುಗ್ಗಿಸುವಂಥದು) ಇರುವ ಪಿಕಪ್‌ಗಳಿಗೆ. ಲೆಕ್ಕ ಹಾಕುವಾಗ ಇಸುಜು ವಿ-ಕ್ರಾಸ್‌ನ ಹಳೆಯ 2.5 ಲೀಟರ್ ಇಂಜಿನನ್ನು ಉದಾಹರಣೆಯಾಗಿ ಹಿಡಿದಿದ್ದೇವೆ. ಸ್ಕಾರ್ಪಿಯೊ ಗೆಟವೇ, ಹೈಲಕ್ಸ್‌ನಂಥ ಗಾಡಿಗಳಿಗೂ ಕ್ರಮ ಇದೇ, ಅಂಕಿಗಳು ಮಾತ್ರ ಬೇರೆ.

ಬೇಕಾದ ಸಾಮಾನು

ಲೈವ್ ಡೇಟಾ ತೋರಿಸಿ ಫೈಲಿನಲ್ಲಿ ಉಳಿಸುವ ಒಬಿಡಿ ಸ್ಕ್ಯಾನರ್ (ಗಾಡಿಯ ಕಂಪ್ಯೂಟರಿಗೆ ಜೋಡಿಸಿ ಓದುವ ಉಪಕರಣ) ಮೊದಲ ಅಗತ್ಯ. ತೀರಾ ಅಗ್ಗದ ನಕಲಿ ಬ್ಲೂಟೂತ್ ಅಡಾಪ್ಟರ್ ಸೆಕೆಂಡಿಗೆ ಒಂದೆರಡು ಸಲ ಮಾತ್ರ ಓದುತ್ತದೆ. ಅರ್ಧ ಸೆಕೆಂಡಿನ ತಡವನ್ನು ಅದರಲ್ಲಿ ಹಿಡಿಯಲಾಗದು. ಜೊತೆಗೆ ಕೈ ವ್ಯಾಕ್ಯೂಮ್ ಪಂಪ್, ರೆಗ್ಯುಲೇಟರ್ ಇರುವ ಏರ್ ಕಂಪ್ರೆಸರ್, ಟರ್ಬೊ ಇನ್ಲೆಟ್ ಹೋಸಿಗೆ ಕೂರುವ ಅಳತೆಯ ಪಿವಿಸಿ ಮುಚ್ಚಳ, ಅದಕ್ಕೆ ಕೂರಿಸಲು ಒಂದು ಟ್ಯೂಬ್‌ಲೆಸ್ ಟೈರ್ ವಾಲ್ವ್, ಸೋಪಿನ ನೀರಿನ ಸ್ಪ್ರೇ ಬಾಟಲಿ, ಎಂಎಎಫ್ ಕ್ಲೀನರ್ (ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ತೊಳೆಯುವ ಸ್ಪ್ರೇ) ಮತ್ತು ಒಂದು ಮೀಟರ್ ಪಾರದರ್ಶಕ ಡೀಸೆಲ್ ಹೋಸ್.

ಹಂತ 1: ತಡ ಯಾವ ಬಗೆಯದು ಎಂದು ಗುರುತಿಸಿ

"ಪಿಕಪ್ ಇಲ್ಲ" ಎನ್ನುವ ಒಂದೇ ಮಾತಿನಲ್ಲಿ ಹಲವು ಬೇರೆ ಬೇರೆ ರೋಗಗಳು ಸೇರಿಕೊಂಡಿರುತ್ತವೆ. ಇಂಜಿನ್ ಪೂರ್ತಿ ಬಿಸಿಯಾದ ಮೇಲೆ, ಖಾಲಿ ನೇರ ರಸ್ತೆಯಲ್ಲಿ, ಮೂರನೇ ಗೇರಿನಲ್ಲಿ 1,500 ಆರ್‌ಪಿಎಂನಿಂದ ಪೆಡಲ್ ಪೂರ್ತಿ ಒತ್ತಿ. ಪಕ್ಕದಲ್ಲಿ ಒಬ್ಬರು ಕೂತು ಟ್ಯಾಕೊಮೀಟರ್ ನೋಡಲಿ, ಇನ್ನೊಬ್ಬರು ಹಿಂದಿನ ಗಾಡಿಯಲ್ಲಿ ಬಂದು ಹೊಗೆ ನೋಡಲಿ.

ಕಪ್ಪು ಹೊಗೆ ಉಗುಳುತ್ತಾ ನಿಧಾನವಾಗಿ ಏರಿದರೆ ಡೀಸೆಲ್ ಬರುತ್ತಿದೆ, ಗಾಳಿ ಸಾಲುತ್ತಿಲ್ಲ: ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಸೋರಿಕೆ, ತೆರೆದೇ ಉಳಿದ ಇಜಿಆರ್ (ಎಕ್ಸಾಸ್ಟಿನ ಒಂದು ಪಾಲನ್ನು ಮತ್ತೆ ಇಂಜಿನ್ನಿಗೆ ಬಿಡುವ ವಾಲ್ವ್), ಅಂಟಿಕೊಂಡ ಟರ್ಬೊ ವೇನ್ ಅಥವಾ ಒರಟು ಮ್ಯಾಪ್ (ಇಸಿಯುವಿನ ಪ್ರೋಗ್ರಾಂ). ಹೊಗೆಯೇ ಇಲ್ಲದೆ ಮಂಕಾಗಿದ್ದರೆ ಇಸಿಯು ತಾನಾಗಿಯೇ ಡೀಸೆಲ್ ಕಡಿತ ಮಾಡುತ್ತಿದೆ, ಇಲ್ಲವೇ ಡೀಸೆಲ್ ಬರುತ್ತಿಲ್ಲ: ಎಂಎಎಫ್ ಸೆನ್ಸರ್, ಫಿಲ್ಟರ್, ರೈಲ್ ಒತ್ತಡ. ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಪರೀಕ್ಷೆ ಅಲ್ಲಿಗೇ ನಿಲ್ಲಿಸಿ ಟರ್ಬೊ ಸೀಲ್ ನೋಡಿಸಿ.

1,500ರ ಕೆಳಗೆ ಎಳೆತ ಇಲ್ಲ ಎನ್ನುವುದು ದೋಷವೇ ಅಲ್ಲದಿರಬಹುದು. 2.5 ಲೀಟರ್ ವಿ-ಕ್ರಾಸ್ ತನ್ನ 320 ನ್ಯೂಟನ್ ಮೀಟರ್ ಟಾರ್ಕ್ ಕೊಡುವುದು 1,800ರಿಂದ 2,800 ಆರ್‌ಪಿಎಂ ನಡುವೆ. ಅದಕ್ಕಿಂತ ಕೆಳಗೆ ಟರ್ಬೊ ತಿರುಗಿಸಲು ಸಾಕಷ್ಟು ಎಕ್ಸಾಸ್ಟ್ ಇರುವುದಿಲ್ಲ. ಕಂಪನಿಯದಕ್ಕಿಂತ ದೊಡ್ಡ ಟರ್ಬೊ ಹಾಕಿಸಿದ್ದರೆ ಈ ಮಿತಿ ಇನ್ನೂ ಮೇಲಕ್ಕೆ ಹೋಗುತ್ತದೆ. ಯಾವ ಮ್ಯಾಪಿನಿಂದಲೂ ಅದನ್ನು ಪೂರ್ತಿ ಕೆಳಗಿಳಿಸಲಾಗದು.

ಹಂತ 2: ಟೈರ್, ಬ್ರೇಕ್, ಕ್ಲಚ್

ಬಾನೆಟ್ ಎತ್ತುವ ಮೊದಲು ಇವು ಮೂರು ಮುಗಿಯಲಿ.

245/70 ಆರ್16 ಟೈರ್ ತೆಗೆದು 265/75 ಆರ್16 ಹಾಕಿದರೆ ಚಕ್ರದ ವ್ಯಾಸ ಸುಮಾರು 749 ಮಿಲಿಮೀಟರಿನಿಂದ 804ಕ್ಕೆ ಏರುತ್ತದೆ, ಅಂದರೆ ಶೇಕಡಾ 7ಕ್ಕಿಂತ ಸ್ವಲ್ಪ ಹೆಚ್ಚು. ಮೊದಲು ಯಾವ ವೇಗಕ್ಕೆ ಇಂಜಿನ್ 1,900ರಲ್ಲಿ ತಿರುಗುತ್ತಿತ್ತೋ ಈಗ ಅದೇ ವೇಗಕ್ಕೆ 1,770ರಲ್ಲಿ ತಿರುಗುತ್ತದೆ. ಟಾರ್ಕ್ ತುಂಬಿ ಬರುವ ಜಾಗದ ಒಳಗಿದ್ದ ಗಾಡಿ ಅದರ ಹೊರಗೆ ಬಿತ್ತು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 64ರಲ್ಲಿ ಓಡುತ್ತಿರುತ್ತದೆ. ಇದಕ್ಕೆ ಮದ್ದು ಎರಡೇ: ಗೇರನ್ನು 200 ಆರ್‌ಪಿಎಂ ತಡವಾಗಿ ಬದಲಿಸುವುದು, ಇಲ್ಲವೇ ಡಿಫರೆನ್ಷಿಯಲ್ ಅನುಪಾತ ಬದಲಿಸುವುದು. ಎರಡನೆಯದು ದುಬಾರಿ, ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನದು ಹಿಂದಿನದು ಎರಡನ್ನೂ ಒಟ್ಟಿಗೇ ಬದಲಿಸಬೇಕು.

ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸಿ, ನಾಲ್ಕೂ ಚಕ್ರದ ಹಬ್ಬಿನ ಹತ್ತಿರ ಕೈ ಒಯ್ಯಿರಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಶಾಖ ಜೋರಾಗಿದ್ದರೆ ಅಲ್ಲಿ ಬ್ರೇಕ್ ಹಿಡಿದಿದೆ. ಕ್ಲಚ್‌ಗೆ ಸುಲಭ ಪರೀಕ್ಷೆ: ಏರಿನಲ್ಲಿ ಟಾಪ್ ಗೇರಿನಲ್ಲಿ ಪೂರ್ತಿ ಒತ್ತಿದಾಗ ಆರ್‌ಪಿಎಂ ಜಿಗಿದು ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ರಿಮ್ಯಾಪ್ ಆದ ಗಾಡಿಯಲ್ಲಿ ಹಳೆಯ ಕ್ಲಚ್ ಹೆಚ್ಚಿನ ಟಾರ್ಕ್ ತಡೆಯದೆ ಜಾರುವುದು ಸಾಮಾನ್ಯ.

ಹಂತ 3: ಕೋಡ್ ಓದಿ, ಲಾಗ್ ತೆಗೆಯಿರಿ

ಲಾಗ್ (ಓಡುವಾಗಿನ ಅಂಕಿಗಳ ದಾಖಲೆ) ತೆಗೆಯುವ ಮುಂಚೆ ಒಂದು ಕೆಲಸ. ಗಾಡಿಯಲ್ಲಿ ಟ್ಯೂನಿಂಗ್ ಬಾಕ್ಸ್ ಇದ್ದರೆ ಬಿಚ್ಚಿಡಿ. ಈ ಬಾಕ್ಸುಗಳಲ್ಲಿ ಹೆಚ್ಚಿನವು ರೈಲ್ ಒತ್ತಡದ ಸೆನ್ಸರಿನ ಸಿಗ್ನಲನ್ನು ತಗ್ಗಿಸಿ ಇಸಿಯುಗೆ ಕಳಿಸುತ್ತವೆ. ಅದು ಇರುವ ತನಕ ಸ್ಕ್ಯಾನರ್ ತೋರಿಸುವ ರೈಲ್ ಒತ್ತಡ ನಿಜವಾದದ್ದಲ್ಲ. ಬಾಕ್ಸ್ ತೆಗೆದ ತಕ್ಷಣ ತಡ ಮಾಯವಾಗುವುದೂ ಉಂಟು. ಹಾಗಾದರೆ ಹುಡುಕಾಟ ಮುಗಿಯಿತು.

ಕೋಡ್‌ಗಳಲ್ಲಿ ಇವನ್ನು ಗಮನಿಸಿ: ಪಿ0299 ಬೂಸ್ಟ್ ಕಡಿಮೆ, ಪಿ0234 ಬೂಸ್ಟ್ ಹೆಚ್ಚು, ಪಿ0087 ರೈಲ್ ಒತ್ತಡ ಕಡಿಮೆ, ಪಿ0101 ಎಂಎಎಫ್ ಅಳತೆ ತಪ್ಪು, ಪಿ0402 ಇಜಿಆರ್ ಹರಿವು ಹೆಚ್ಚು, ಪಿ2138 ಪೆಡಲ್ ಸೆನ್ಸರುಗಳ ಹೊಂದಾಣಿಕೆ ತಪ್ಪಿದೆ. ಪಿ0299 ಬಂತೆಂದು ಟರ್ಬೊ ಹಾಳು ಎಂದು ತೀರ್ಮಾನಿಸಬೇಡಿ. ಆ ಕೋಡ್ ಹೇಳುವುದು "ಕೇಳಿದಷ್ಟು ಗಾಳಿ ಬರಲಿಲ್ಲ" ಎಂದಷ್ಟೇ. ಯಾಕೆ ಬರಲಿಲ್ಲ ಎಂದು ಅದಕ್ಕೆ ಗೊತ್ತಿಲ್ಲ. ಕೋಡ್ ಅಳಿಸುವ ಮೊದಲು ಫ್ರೀಜ್ ಫ್ರೇಮಿನ (ಕೋಡ್ ಬಂದ ಕ್ಷಣದ ಅಂಕಿಗಳ) ಫೋಟೊ ತೆಗೆದಿಡಿ.

ಲಾಗಿನಲ್ಲಿ ಆರು ಸಾಲು ಸಾಕು: ಆರ್‌ಪಿಎಂ, ಪೆಡಲ್, ಬೇಕಾದ ಬೂಸ್ಟ್ ಮತ್ತು ಬಂದ ಬೂಸ್ಟ್, ಬೇಕಾದ ರೈಲ್ ಒತ್ತಡ ಮತ್ತು ಬಂದ ರೈಲ್ ಒತ್ತಡ. ಹೆಚ್ಚು ಸಾಲು ಸೇರಿಸಿದಷ್ಟೂ ಓದುವ ವೇಗ ಇಳಿಯುತ್ತದೆ. ಎಂಎಎಫ್ ಮತ್ತು ಇಜಿಆರ್‌ಗೆ ಎರಡನೇ ಓಟ ಓಡಿಸಿ.

ಬೇಕಾದ ಬೂಸ್ಟ್ ಮೇಲೇರಿ, ಬಂದ ಬೂಸ್ಟ್ ಹಿಂದುಳಿದರೆ 4ರಿಂದ 7ನೇ ಹಂತ ನೋಡಿ. ರೈಲ್ ಒತ್ತಡ ಹಿಂದುಳಿದರೆ ನೇರ 8ಕ್ಕೆ ಹೋಗಿ. ಎರಡೂ ಜೋಡಿಗಳು ಹೊಂದಿಕೊಂಡಿದ್ದು, ಬೇಕಾದ ಬೂಸ್ಟೇ ನಿಧಾನವಾಗಿ ಏರುತ್ತಿದ್ದರೆ 5ನೇ ಹಂತದ ಎಂಎಎಫ್ ನೋಡಿ, ಅದು ಸರಿಯಿದ್ದರೆ 9ಕ್ಕೆ ಹೋಗಿ. ಈ ಒಂದು ಹೋಲಿಕೆಯೇ ಅರ್ಧ ಕೆಲಸ.

ಸಾಮಾನ್ಯ ಮೊಬೈಲ್ ಆ್ಯಪ್‌ಗಳಲ್ಲಿ ಮ್ಯಾನಿಫೋಲ್ಡ್ ಒತ್ತಡ 255 ಕಿಲೋಪ್ಯಾಸ್ಕಲ್ ತಲುಪಿ ಗೆರೆ ಎಳೆದಂತೆ ನಿಂತರೆ ಗಾಬರಿ ಬೇಡ. ಒಬಿಡಿಯ ಆ ಸಾಮಾನ್ಯ ಅಳತೆಯ ಮಿತಿಯೇ 255. ರಿಮ್ಯಾಪ್ ಆದ ಗಾಡಿ ಅದನ್ನು ದಾಟುತ್ತಿದ್ದರೆ ಕಂಪನಿಯ ಅಳತೆಗಳನ್ನು ಓದಬಲ್ಲ ಸ್ಕ್ಯಾನರ್ ಬೇಕು.

ಹಂತ 4: ಬೂಸ್ಟ್ ಸೋರಿಕೆ ಪರೀಕ್ಷೆ

ಮಾಡಿಫೈ ಗಾಡಿಗಳಲ್ಲಿ ಅತಿ ಹೆಚ್ಚು ಸಲ ಉತ್ತರ ಸಿಗುವುದು ಇಲ್ಲಿ. ಹೊರಗಿನಿಂದ ತಂದ ಪೈಪ್, ಸಿಲಿಕಾನ್ ಹೋಸ್, ಇಂಟರ್‌ಕೂಲರ್ ಇದ್ದಷ್ಟೂ ಜಾಯಿಂಟುಗಳು ಹೆಚ್ಚು. ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ; ಒತ್ತಡ ಬಿದ್ದಾಗ ಮಾತ್ರ ಬಾಯಿ ಬಿಡುತ್ತದೆ.

ಇಂಜಿನ್ ತಣ್ಣಗಿರಲಿ, ಗಾಡಿ ನ್ಯೂಟ್ರಲಿನಲ್ಲಿರಲಿ, ಚಕ್ರಕ್ಕೆ ಕಲ್ಲು ಕೊಡಿ. ಎಂಎಎಫ್ ಸೆನ್ಸರ್ ಆದ ಮೇಲೆ, ಟರ್ಬೊಗೆ ಮುಂಚೆ ಇರುವ ಹೋಸ್ ಬಿಚ್ಚಿ, ಅದರ ಬಾಯಿಗೆ ಟೈರ್ ವಾಲ್ವ್ ಕೂರಿಸಿದ ಪಿವಿಸಿ ಮುಚ್ಚಳ ಹಾಕಿ ಕ್ಲ್ಯಾಂಪ್ ಬಿಗಿಯಿರಿ. ಎಂಎಎಫ್ ಮತ್ತು ಏರ್ ಬಾಕ್ಸ್ ಮೂಲಕ ಒತ್ತಡ ಹಾಕಬಾರದು.

ಇಲ್ಲಿ ಹಲವರು ಎಡವುವ ಜಾಗ ಒಂದಿದೆ. ಇಂಜಿನ್ನಿನ ಬ್ರೀದರ್ ಹೋಸ್ (ಕ್ರ್ಯಾಂಕ್‌ಕೇಸಿನ ಆವಿ ಹೊರಬಿಡುವ ಹೋಸ್) ಬಂದು ಸೇರುವುದು ಇದೇ ಪೈಪಿಗೆ. ಅದನ್ನು ಬಿಚ್ಚಿ ಪೈಪಿನ ತೂತು ಮುಚ್ಚದಿದ್ದರೆ ನೀವು ಹಾಕುವ ಗಾಳಿ ಕ್ರ್ಯಾಂಕ್‌ಕೇಸಿಗೆ ನುಗ್ಗಿ ಆಯಿಲ್ ಸೀಲ್ ಹೊರಹಾಕಬಹುದು. ಸೋರಿಕೆ ಹುಡುಕಲು ಹೋಗಿ ಹೊಸ ಸೋರಿಕೆ ತಂದುಕೊಂಡಂತಾಗುತ್ತದೆ.

ರೆಗ್ಯುಲೇಟರನ್ನು ಮೊದಲು 0.3 ಬಾರ್‌ಗೆ ಇಟ್ಟು ಸೋಪಿನ ನೀರು ಸಿಂಪಡಿಸಿ. ಆಮೇಲೆ ನಿಧಾನವಾಗಿ 1 ಬಾರ್ ತನಕ ಏರಿಸಿ, 1.4 ದಾಟಬೇಡಿ. ಮುಚ್ಚಳದ ಎದುರು ಮುಖ ಇಟ್ಟು ನಿಲ್ಲಬೇಡಿ, ಫ್ಯಾನ್ ಬೆಲ್ಟ್ ಹತ್ತಿರ ಕೈ ಇಡಬೇಡಿ. ಪಿಸ್ಟನ್ ಮೇಲೆ ಒತ್ತಡ ಬಿದ್ದು ಇಂಜಿನ್ ಸ್ವಲ್ಪ ತಿರುಗಬಹುದು. ವಾಲ್ವುಗಳ ಮೂಲಕ ಒಂದಿಷ್ಟು ಗಾಳಿ ಸದ್ದು ಮಾಡುತ್ತಾ ಹೋಗುವುದು ಸಹಜ. ನಮಗೆ ಬೇಕಾದದ್ದು ಹೋಸ್ ತುದಿಗಳು, ಇಂಟರ್‌ಕೂಲರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯುಮಿನಿಯಂಗೆ ಸೇರುವ ಅಂಚು, ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರಿನ ಓರಿಂಗ್, ಇಜಿಆರ್ ಗ್ಯಾಸ್ಕೆಟ್. ಸಣ್ಣ ಗುಳ್ಳೆಗಳ ಸಾಲು ಬಂದರೂ ಬಿಗಿಮಾಡಿ. ನೊರೆ ಸಿಡಿದು ಹಾರಿದರೆ ನಿಮ್ಮ ತಡಕ್ಕೆ ಕಾರಣ ಅದೇ.

ಹೋಸ್ ಮೇಲೆ ಎಣ್ಣೆ ಜಿನುಗಿದ ಕಪ್ಪು ಪಟ್ಟಿ ಸೋರಿಕೆಯ ಗುರುತು. ಒಳಪದರ ಇಲ್ಲದ ಅಗ್ಗದ ಸಿಲಿಕಾನ್ ಹೋಸ್ ಆಯಿಲ್ ಹೀರಿ ಉಬ್ಬುತ್ತದೆ, ಬಿಗಿದಷ್ಟೂ ಜಾರುತ್ತದೆ. ಫ್ಲೋರೊಸಿಲಿಕಾನ್ ಒಳಪದರ ಇರುವುದನ್ನೇ ಕೊಳ್ಳಿ. ಪೈಪಿನ ತುದಿಯಲ್ಲಿ ಉಬ್ಬಿದ ಏಣು ಇರಲೇಬೇಕು. ನುಣುಪು ಪೈಪಿನ ಮೇಲೆ ಯಾವ ಕ್ಲ್ಯಾಂಪೂ ನಿಲ್ಲದು. ಎರಡೂ ಮೈ ಎಣ್ಣೆ ಇಲ್ಲದಂತೆ ಒರೆಸಿ, ಏಣಿನ ಹಿಂದೆ ಟಿ-ಬೋಲ್ಟ್ ಕ್ಲ್ಯಾಂಪ್ ಕೂರಿಸಿ. ತೂತಿನ ಪಟ್ಟಿಯ ಮಾಮೂಲಿ ಕ್ಲ್ಯಾಂಪ್ ಸಿಲಿಕಾನನ್ನು ಕತ್ತರಿಸುತ್ತದೆ.

ದೊಡ್ಡ ಇಂಟರ್‌ಕೂಲರಿನ ಮೇಲೆ ಅನುಮಾನ ಪಡುವವರಿಗೆ ಒಂದು ಲೆಕ್ಕ. 2.5 ಲೀಟರ್ ಇಂಜಿನ್ 1,500 ಆರ್‌ಪಿಎಂನಲ್ಲಿ ಸೆಕೆಂಡಿಗೆ ಸುಮಾರು 31 ಲೀಟರ್ ಗಾಳಿ ನುಂಗುತ್ತದೆ. ಇಂಟರ್‌ಕೂಲರಿನಲ್ಲಿ 6 ಲೀಟರ್ ಜಾಗ ಹೆಚ್ಚಾದರೆ ಅದನ್ನು ತುಂಬಿಸಲು ಹೆಚ್ಚುವರಿಯಾಗಿ ಬೇಕಾಗುವುದು ಸೆಕೆಂಡಿನ ಐದನೇ ಒಂದು ಭಾಗದಷ್ಟು. ಎರಡು ಸೆಕೆಂಡ್ ತಡ ಇದ್ದರೆ ಕಾರಣ ಇಂಟರ್‌ಕೂಲರಿನ ಗಾತ್ರವಲ್ಲ.

ಹಂತ 5: ಎಂಎಎಫ್ ಮತ್ತು ಎಂಎಪಿ ಸೆನ್ಸರ್

ಡೀಸೆಲ್ ಇಸಿಯು ಎಂಎಎಫ್ ಓದಿ ಎಷ್ಟು ಗಾಳಿ ಬಂತೆಂದು ತಿಳಿದು, ಹೊಗೆ ಬಾರದ ಮಿತಿಯೊಳಗೆ ಡೀಸೆಲ್ ಬಿಡುತ್ತದೆ. ಸೆನ್ಸರ್ ಕಡಿಮೆ ತೋರಿಸಿದರೆ ಡೀಸೆಲ್ಲೂ ಕಡಿಮೆ; ಗಾಡಿ ಹೊಗೆಯಿಲ್ಲದೆ ಸೋಮಾರಿಯಾಗುತ್ತದೆ. ತೊಳೆದು ಮತ್ತೆ ಬಳಸುವ ಏರ್ ಫಿಲ್ಟರಿಗೆ ಎಣ್ಣೆ ಅತಿಯಾಗಿ ಹಚ್ಚಿದವರ ಗಾಡಿಗಳಲ್ಲಿ ಇದು ಪದೇ ಪದೇ ಸಿಗುತ್ತದೆ. ಇನ್ನೊಂದು ಕಾರಣ, ಹೊಸ ಇನ್ಟೇಕ್ ಕಿಟ್‌ನಲ್ಲಿ ಎಂಎಎಫ್ ಕೂರುವ ಕೊಳವೆಯ ವ್ಯಾಸ ಮೂಲದ್ದಕ್ಕಿಂತ ದೊಡ್ಡದಿರುವುದು. ಅಷ್ಟೇ ಗಾಳಿ ಅಗಲ ಕೊಳವೆಯಲ್ಲಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಕಡಿಮೆ ಎಂದು ಓದುತ್ತದೆ. ಇದಕ್ಕೆ ಮೂಲ ಕೊಳವೆಗೆ ಮರಳುವುದು, ಇಲ್ಲವೇ ಎಂಎಎಫ್ ಅಳತೆಯನ್ನೇ ಮ್ಯಾಪಿನಲ್ಲಿ ತಿದ್ದಿಸುವುದು, ಇವೆರಡೇ ದಾರಿ.

2.5 ಲೀಟರ್ ಇಂಜಿನ್ 800 ಆರ್‌ಪಿಎಂ ಐಡಲಿನಲ್ಲಿ, ಇಜಿಆರ್ ಮುಚ್ಚಿದಾಗ, ಮಂಗಳೂರಿನಂಥ ಕಡಲ ಮಟ್ಟದ ಊರಲ್ಲಿ ಸೆಕೆಂಡಿಗೆ 15ರಿಂದ 18 ಗ್ರಾಂ ತೋರಿಸಬೇಕು. ಬೆಂಗಳೂರಿನ ಎತ್ತರದಲ್ಲಿ ಅದರಿಂದ ಶೇಕಡಾ 10ರಷ್ಟು ಕಳೆಯಿರಿ. ಇಜಿಆರ್ ತೆರೆದಿದ್ದರೆ ಇದರ ಅರ್ಧಕ್ಕೂ ಇಳಿಯಬಹುದು, ಹಾಗಾಗಿ ಇಜಿಆರ್ ಸ್ಥಾನ ನೋಡದೆ ಎಂಎಎಫ್ ಬಗ್ಗೆ ತೀರ್ಪು ಕೊಡಬೇಡಿ. ತೊಳೆಯಲು ಎಂಎಎಫ್ ಕ್ಲೀನರ್ ಮಾತ್ರ. ಬ್ರೇಕ್ ಕ್ಲೀನರ್, ಬಟ್ಟೆ, ಬ್ರಷ್ ಯಾವುದೂ ಬೇಡ. ಪೂರ್ತಿ ಒಣಗಿದ ಮೇಲೆಯೇ ಕನೆಕ್ಟರ್ ಹಾಕಿ.

ಎಂಎಪಿ ಪರೀಕ್ಷೆಗೆ ಇಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ ಓದಿ. ಮಂಗಳೂರಿನಲ್ಲಿ 100–101, ಬೆಂಗಳೂರಿನಲ್ಲಿ 91, ಮಡಿಕೇರಿಯಲ್ಲಿ 88–89 ಕಿಲೋಪ್ಯಾಸ್ಕಲ್ ಆಸುಪಾಸು ಬರಬೇಕು. ಮೂರ್ನಾಲ್ಕು ಅಂಕಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಬಿಚ್ಚಿ ನೋಡಿದರೆ ಮೂತಿಗೆ ಮಸಿ ಮತ್ತು ಎಣ್ಣೆ ಸೇರಿದ ಟಾರ್ ಅಂಟಿರುತ್ತದೆ. ತೂತು ಅರ್ಧ ಮುಚ್ಚಿದ್ದರೆ ನಿಂತ ಗಾಡಿಯಲ್ಲಿ ಸರಿಯಾಗಿಯೇ ಓದುತ್ತದೆ, ಓಡುವಾಗ ಮಾತ್ರ ತಡವಾಗಿ ಓದುತ್ತದೆ.

ಹಂತ 6: ಟರ್ಬೊ ವೇನ್ ಮತ್ತು ಆ್ಯಕ್ಚುಯೇಟರ್

ವಿಜಿಟಿಯ ವೇನ್‌ಗಳು ಕೆಳಗಿನ ಆರ್‌ಪಿಎಂನಲ್ಲಿ ಮುಚ್ಚಿಕೊಂಡು ಎಕ್ಸಾಸ್ಟನ್ನು ಕಿರಿದಾದ ದಾರಿಯಲ್ಲಿ ಜೋರಾಗಿ ನುಗ್ಗಿಸುತ್ತವೆ. ಮಸಿ ಕಟ್ಟಿ ತೆರೆದೇ ನಿಂತರೆ 2,500 ತನಕ ಟರ್ಬೊ ಇಲ್ಲವೇ ಇಲ್ಲ ಎನ್ನುವಂತಾಗುತ್ತದೆ.

ಈ ವೇನ್‌ಗಳನ್ನು ಕದಲಿಸುವುದು ಆ್ಯಕ್ಚುಯೇಟರ್. ನಿಮ್ಮ ಗಾಡಿಯದು ವ್ಯಾಕ್ಯೂಮ್ ಆ್ಯಕ್ಚುಯೇಟರೋ ಎಲೆಕ್ಟ್ರಿಕ್ಕೋ ಮೊದಲು ನೋಡಿ. ವ್ಯಾಕ್ಯೂಮ್ ಬಗೆಯದಾದರೆ ಸಹಾಯಕರಿಂದ ಸ್ಟಾರ್ಟ್ ಮಾಡಿಸಿ: ಕಡ್ಡಿ ತಕ್ಷಣ ಒಳಗೆ ಎಳೆದುಕೊಳ್ಳಬೇಕು, ಆಫ್ ಮಾಡಿದಾಗ ತಡೆಯಿಲ್ಲದೆ ಹೊರಬರಬೇಕು. ಆಮೇಲೆ ಕೈ ಪಂಪ್ ಜೋಡಿಸಿ ನಿಧಾನವಾಗಿ ಎಳೆಯಿರಿ. ಕಡ್ಡಿ ಒಂದೇ ಸಮ ಜಾರಬೇಕು. ನಿಂತು, ಜಿಗಿದು, ಮತ್ತೆ ನಿಂತರೆ ವೇನ್‌ಗೆ ಮಸಿ ಹಿಡಿದಿದೆ. ಪೂರ್ತಿ ಎಳೆದು ಹಾಗೇ ಹಿಡಿದಿಟ್ಟಾಗ ಪಂಪಿನ ಮುಳ್ಳು ಒಂದು ನಿಮಿಷ ಕದಲಬಾರದು. ಇಳಿದರೆ ಡಯಾಫ್ರಾಮ್ ಹರಿದಿದೆ.

ಎರಡೂ ಸರಿಯಿದ್ದರೆ ಹೋಸಿನ ಜಾಡು ಹಿಡಿದು ವ್ಯಾಕ್ಯೂಮ್ ಪಂಪಿನ ತನಕ ಹೋಗಿ. ಹೊಸ ಡೌನ್‌ಪೈಪ್ (ಟರ್ಬೊದಿಂದ ಹೊರಡುವ ಎಕ್ಸಾಸ್ಟ್ ಪೈಪ್) ಹಾಕಿಸಿದ ಗಾಡಿಗಳಲ್ಲಿ ಈ ಸಣ್ಣ ಹೋಸ್ ಪೈಪಿಗೆ ತಾಗಿ ಗಟ್ಟಿಯಾಗಿ, ಅಡಿಭಾಗದಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟಿರುತ್ತದೆ. ಮೇಲಿಂದ ನೋಡಿದರೆ ಕಾಣುವುದಿಲ್ಲ, ಬಾಗಿಸಿ ನೋಡಬೇಕು. ಪಂಪ್ ಬಳಿ ಐಡಲಿನಲ್ಲಿ ಕಡಲ ಮಟ್ಟದಲ್ಲಿ 0.8ರಿಂದ 0.9 ಬಾರ್ ವ್ಯಾಕ್ಯೂಮ್ ಸಿಗಬೇಕು. ಬೆಂಗಳೂರಿನಲ್ಲಿ ಅದು 0.1ರಷ್ಟು ಕಡಿಮೆ ಬಂದರೆ ಪಂಪ್ ಬದಲಿಸಲು ಹೋಗಬೇಡಿ.

ಎಲೆಕ್ಟ್ರಿಕ್ ಬಗೆಯದಕ್ಕೆ ಸ್ಕ್ಯಾನರಿನಿಂದಲೇ ಆ್ಯಕ್ಚುಯೇಟರ್ ಪರೀಕ್ಷೆ ನಡೆಸಿ, ಕೇಳಿದ ಸ್ಥಾನ ಮತ್ತು ಬಂದ ಸ್ಥಾನ ಹೋಲಿಸಿ.

ಟರ್ಬೊ ಮೇಲಿನ ಸ್ಟಾಪ್ ಸ್ಕ್ರೂ ಮುಟ್ಟಬೇಡಿ, ಕಡ್ಡಿಯ ಉದ್ದ ತಿರುಗಿಸಬೇಡಿ. "ಸ್ವಲ್ಪ ಬಿಗಿ ಮಾಡಿದರೆ ಲ್ಯಾಗ್ ಹೋಗುತ್ತೆ" ಎನ್ನುವ ಸಲಹೆ ಗ್ಯಾರೇಜುಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹಾಗೆ ಮಾಡಿದರೆ ಕೆಳಗೆ ಎಳೆತ ಬಂದಂತೆ ಕಂಡರೂ ಮೇಲೆ ಓವರ್‌ಬೂಸ್ಟ್ ಆಗಿ ಗಾಡಿ ಲಿಂಪ್ ಮೋಡಿಗೆ (ಇಸಿಯು ರಕ್ಷಣೆಗಾಗಿ ಶಕ್ತಿ ಕಡಿತ ಮಾಡುವ ಸ್ಥಿತಿಗೆ) ಹೋಗುತ್ತದೆ, ಟರ್ಬೊ ಮಿತಿಮೀರಿ ತಿರುಗಿ ಒಡೆಯಲೂಬಹುದು.

ಹಂತ 7: ಎಕ್ಸಾಸ್ಟ್ ಬದಿ

ಹೆಡ್ ಮತ್ತು ಟರ್ಬೊ ನಡುವೆ ಸೋರಿದ ಎಕ್ಸಾಸ್ಟ್ ಟರ್ಬೊ ತಿರುಗಿಸದೆ ವ್ಯರ್ಥವಾಗುತ್ತದೆ. ತಣ್ಣಗಿನ ಸ್ಟಾರ್ಟಿನಲ್ಲಿ ಟಿಕ್ ಟಿಕ್ ಸದ್ದು ಬಂದು ಬಿಸಿಯಾದ ಮೇಲೆ ನಿಂತರೆ, ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಅಂಚಿನಲ್ಲಿ ಮಸಿಯ ಗೆರೆ ಹುಡುಕಿ. ಇಜಿಆರ್ ವಾಲ್ವ್ ಬಿಚ್ಚಿ, ಮುಚ್ಚಿದ ಸ್ಥಿತಿಯಲ್ಲಿ ಬೆಳಕಿಗೆ ಹಿಡಿದು ನೋಡಿ. ಬೆಳಕು ಸುಲಭವಾಗಿ ಹಾದರೆ ತೊಳೆಯಬೇಕು. ಡಿಪಿಎಫ್ (ಎಕ್ಸಾಸ್ಟಿನ ಮಸಿ ಹಿಡಿಯುವ ಫಿಲ್ಟರ್) ಇರುವ ಗಾಡಿಯಲ್ಲಿ ಐಡಲಿನಲ್ಲಿ ಒತ್ತಡದ ವ್ಯತ್ಯಾಸ ಸಾಮಾನ್ಯವಾಗಿ 1 ಕಿಲೋಪ್ಯಾಸ್ಕಲ್ ಆಸುಪಾಸು ಇರುತ್ತದೆ; ಮೂರು ದಾಟಿ ನಿಂತರೆ ಅದು ಕಟ್ಟಿಕೊಂಡಿದೆ, ರೀಜನರೇಶನ್ (ಒಳಗಿನ ಮಸಿ ಸುಡುವುದು) ಮಾಡಿಸಿ. ಡಿಪಿಎಫ್ ತೆಗೆಸುವುದು, ಇಜಿಆರ್‌ಗೆ ತಗಡು ಹೊಡೆಸುವುದು ಕಾನೂನುಬಾಹಿರ. ಮೇಲಾಗಿ ಮೂಲ ದೋಷವನ್ನು ಅದು ಮುಚ್ಚಿಡುತ್ತದೆ ಅಷ್ಟೇ.

ಹಂತ 8: ಇಂಧನ

ಪೂರ್ತಿ ಒತ್ತಿದಾಗ ಬಂದ ರೈಲ್ ಒತ್ತಡ ಬೇಕಾದದ್ದಕ್ಕಿಂತ ಶೇಕಡಾ 5ಕ್ಕಿಂತ ಹೆಚ್ಚು ಹಿಂದುಳಿದು ಹಾಗೇ ಉಳಿದರೆ ಮೊದಲು ಡೀಸೆಲ್ ಫಿಲ್ಟರ್ ಬದಲಿಸಿ, ನೀರು ಇಳಿಸಿ. ಆಮೇಲೆ ಫಿಲ್ಟರಿನಿಂದ ಪಂಪಿಗೆ ಹೋಗುವ ದಾರಿಯಲ್ಲಿ ಪಾರದರ್ಶಕ ಹೋಸ್ ಸೇರಿಸಿ ನೋಡಿ. ನಿಲ್ಲದೆ ಗುಳ್ಳೆ ಬಂದರೆ ಟ್ಯಾಂಕ್ ಮತ್ತು ಪಂಪ್ ನಡುವೆ ಎಲ್ಲೋ ಗಾಳಿ ಎಳೆಯುತ್ತಿದೆ. ಅದೂ ಸರಿಯಿದ್ದರೆ ಪಂಪಿನ ಮೇಲಿನ, ಪಂಪಿಗೆ ಹೋಗುವ ಡೀಸೆಲ್ ನಿಯಂತ್ರಿಸುವ ಸಕ್ಷನ್ ಕಂಟ್ರೋಲ್ ವಾಲ್ವ್ ನೋಡಿ. ಇದು ಅಂಟಿದರೆ ಐಡಲ್ ಕೂಡ ಏರಿಳಿಯುತ್ತದೆ. ಕೊನೆಗೆ ಇಂಜೆಕ್ಟರ್ ರಿಟರ್ನ್ ಪರೀಕ್ಷೆ: ನಾಲ್ಕಕ್ಕೂ ಒಂದೊಂದು ಬಾಟಲಿ ಕಟ್ಟಿ ಮೂರು ನಿಮಿಷ ಐಡಲ್ ಓಡಿಸಿ. ಒಂದರಲ್ಲಿ ಮಾತ್ರ ಉಳಿದವುಗಳ ಎರಡರಷ್ಟು ಡೀಸೆಲ್ ಇದ್ದರೆ ಆ ಇಂಜೆಕ್ಟರ್ ಸೋತಿದೆ.

ಇಂಜಿನ್ ಓಡುವಾಗ ಹೈ ಪ್ರೆಶರ್ ಪೈಪಿನ ನಟ್ ಎಂದಿಗೂ ಸಡಿಲಿಸಬೇಡಿ. ಹಳೆಯ ಡೀಸೆಲ್ ಗಾಡಿಗಳಲ್ಲಿ ನಡೆಯುತ್ತಿದ್ದ ಆ ಅಭ್ಯಾಸ ಇಲ್ಲಿ ಪ್ರಾಣಾಪಾಯ. ಸಾವಿರಕ್ಕೂ ಹೆಚ್ಚು ಬಾರ್ ಒತ್ತಡದ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಗಾಯ ಸೂಜಿ ಚುಚ್ಚಿದಷ್ಟೇ ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಿ, ಡೀಸೆಲ್ ಒಳಹೊಕ್ಕಿದೆ ಎಂದು ಸ್ಪಷ್ಟವಾಗಿ ಹೇಳಿ.

ಹಂತ 9: ಕೊನೆಗೆ ಮ್ಯಾಪ್

ಯಂತ್ರಭಾಗ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಟ್ಯೂನರ್ ಬಳಿ ಹೋಗಿ. ಸೋರುವ ಗಾಡಿಗೆ ಮ್ಯಾಪ್ ತಿದ್ದಿಸಿದರೆ, ಸೋರಿಕೆ ಸರಿಯಾದ ದಿನ ಅದು ಓವರ್‌ಬೂಸ್ಟ್ ಆಗುತ್ತದೆ. ಮೊದಲು ಮೂಲ ಮ್ಯಾಪ್ ಹಾಕಿಸಿ ಓಡಿಸಿ. ತಡ ಹೋದರೆ ದೋಷ ಹೊಸ ಮ್ಯಾಪಿನದು.

ನಿಮ್ಮ ಲಾಗ್ ತೋರಿಸಿ ಮೂರು ವಿಷಯ ಕೇಳಿ: 1,500–2,000 ನಡುವೆ ವೇನ್ ಸ್ಥಾನ ಏನಿದೆ, ಹೊಗೆ ಮಿತಿ ಎಷ್ಟಕ್ಕೆ ಇಟ್ಟಿದ್ದಾರೆ, ಪೆಡಲ್ ಒತ್ತಿದಾಗ ಟಾರ್ಕ್ ಬೇಡಿಕೆ ಎಷ್ಟು ಬೇಗ ಏರುತ್ತದೆ. ಬರೀ ಡೀಸೆಲ್ ಏರಿಸಿ ಬೂಸ್ಟ್ ಹಾಗೇ ಬಿಟ್ಟ ಮ್ಯಾಪ್ ಹೊಗೆಯನ್ನೂ ಶಾಖವನ್ನೂ ಕೊಡುತ್ತದೆ, ಎಳೆತವನ್ನಲ್ಲ. ಟರ್ಬೊಗೆ ಮುಂಚಿನ ಎಕ್ಸಾಸ್ಟ್ ಶಾಖ 700 ಡಿಗ್ರಿ ಸೆಲ್ಸಿಯಸ್ ದಾಟಿ ಅಲ್ಲೇ ನಿಲ್ಲುತ್ತಿದ್ದರೆ ಆ ಮ್ಯಾಪ್ ಬೇಡ. ಪೆಡಲಿಗೆ ಜೋಡಿಸುವ ಥ್ರಾಟಲ್ ಬೂಸ್ಟರ್‌ಗಳ ಮೇಲೂ ಹಣ ಹಾಕಬೇಡಿ. ಅರ್ಧ ಒತ್ತಿದ್ದನ್ನು ಪೂರ್ತಿ ಒತ್ತಿದಂತೆ ತೋರಿಸುತ್ತವೆ, ಗಾಳಿ ಒಂದು ಗ್ರಾಂ ಕೂಡ ಹೆಚ್ಚುವುದಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯಲ್ಲಿರುವ ವಿವರ ಕಂಪನಿಯ ಮೂಲ ನಿರ್ದಿಷ್ಟತೆಗಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. ಅಪಘಾತವಾದರೆ ವಿಮೆಯ ಪ್ರಶ್ನೆಯೂ ಇದರಿಂದಲೇ ಏಳುತ್ತದೆ.

ತಕ್ಷಣ ಗಾಡಿ ನಿಲ್ಲಿಸಬೇಕಾದ ಸೂಚನೆಗಳು

ಟರ್ಬೊದಿಂದ ಸೈರನ್ನಿನಂಥ ಕೂಗು ಹೊಸದಾಗಿ ಶುರುವಾದರೆ, ಲೋಹ ಉಜ್ಜುವ ಸದ್ದು ಬಂದರೆ, ನೀಲಿ ಹೊಗೆ ದಟ್ಟವಾದರೆ ಮತ್ತೆ ಓಡಿಸಬೇಡಿ. ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಇನ್ನೂ ಅಪಾಯ: ತೆಳುವಾದ ಆಯಿಲ್ ಬೇರಿಂಗ್ ತಿನ್ನುತ್ತದೆ, ಅದೇ ಆಯಿಲನ್ನು ಎಳೆದುಕೊಂಡು ಇಂಜಿನ್ ಹಿಡಿತ ತಪ್ಪಿ ಓಡಲೂಬಹುದು. ಹಾಗಾದಾಗ ಕೀ ತೆಗೆದರೂ ನಿಲ್ಲುವುದಿಲ್ಲ. ಮ್ಯಾನುಯಲ್ ಗಾಡಿಯಾದರೆ ಟಾಪ್ ಗೇರ್ ಹಾಕಿ, ಬ್ರೇಕ್ ಪೂರ್ತಿ ಒತ್ತಿ ಕ್ಲಚ್ ಬಿಟ್ಟು ಆಫ್ ಮಾಡಿಸಿ. ಆಟೋಮ್ಯಾಟಿಕ್ಕಾದರೆ ಗಾಳಿ ಎಳೆಯುವ ಬಾಯಿಗೆ ಗಟ್ಟಿ ಹಲಗೆ ಒತ್ತಿ ಹಿಡಿಯಬೇಕು, ಕೈ ಅಥವಾ ಬಟ್ಟೆ ಅಲ್ಲ.

ಸರಿಯಾಯಿತೇ ಎಂದು ತಿಳಿಯುವುದು

ಮೊದಲ ಲಾಗ್ ತೆಗೆದ ಅದೇ ರಸ್ತೆ, ಅದೇ ದಿಕ್ಕು, ಅಷ್ಟೇ ಲೋಡ್, ಅದೇ ಮೂರನೇ ಗೇರ್. 1,500ರಿಂದ 3,000 ತಲುಪುವ ಸಮಯ ಮತ್ತು ಬೂಸ್ಟ್ ಹಿಂದುಳಿಯುವ ಸಮಯ ಎರಡನ್ನೂ ಹೋಲಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಲಾಗ್ ತೆಗೆಯಿರಿ. ನಾಲ್ಕು ಭಾಗ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ಮುಂದೆ ಗೊತ್ತಾಗುವುದಿಲ್ಲ. ಹೊಸ ಸಿಲಿಕಾನ್ ಹೋಸ್ ಬಿಸಿಗೆ ಕೂತ ಮೇಲೆ ಕ್ಲ್ಯಾಂಪ್ ಸಡಿಲಾಗುತ್ತದೆ. 500 ಕಿಲೋಮೀಟರ್ ಓಡಿದ ಬಳಿಕ ಎಲ್ಲವನ್ನೂ ಇನ್ನೊಮ್ಮೆ ಬಿಗಿದು, ಸೋಪಿನ ನೀರು ಸಿಂಪಡಿಸಿ ನೋಡಿ.